ರೆಫ್ರಿ ಇಲ್ಲದ ಆಟದಲ್ಲಿ ಯಾರ ಮಾತು ನಡೆಯುತ್ತದೆ?

ಬೆಂಗಳೂರಿನಲ್ಲಿ ಒಂದು ಅಲ್ಟಿಮೇಟ್ ಫ್ರಿಸ್ಬಿ ಪಂದ್ಯಾಟ. ನನ್ನ ಚಿಕ್ಕಪ್ಪನ ಮಗಳು ಆಡುತ್ತಿದ್ದಳು. ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಹುಡುಗಿ. ಕನ್ನಡ ಮೀಡಿಯಂನಲ್ಲಿ ಓದಿ, ಕೆಲಸಕ್ಕೆಂದು ಬೆಂಗಳೂರಿಗೆ ಹೋದವಳು. ಗೋಲಿನ ಗೆರೆಯ ಹತ್ತಿರ ಡಿಸ್ಕ್, ಅಂದರೆ ಎಸೆದು ಆಡುವ ಪ್ಲಾಸ್ಟಿಕ್ ತಟ್ಟೆ, ತೇಲಿಕೊಂಡು ಬಂತು. ಇವಳು ಹಾರಿದಳು, ಎದುರಿನವಳೂ ಹಾರಿದಳು. ಇವಳ ಮಣಿಕಟ್ಟಿಗೆ ಏಟು ಬಿತ್ತು. ಡಿಸ್ಕ್ ನೆಲಕ್ಕೆ ಬಿತ್ತು.

"ಫೌಲ್" ಅಂದಳು ತಂಗಿ.

ಎದುರಿನವಳು ಒಪ್ಪಲಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಆ ಜಾಗಕ್ಕೆ ತಾನೇ ಮೊದಲು ಬಂದಿದ್ದೆ, ಡಿಸ್ಕ್ ಆಗಲೇ ಇವಳ ಕೈಗೆ ಸಿಗದಷ್ಟು ಮೇಲಿತ್ತು, ಕೈ ತಾಗಿದ್ದು ಆಮೇಲೆ ಎಂದಳು. ನಯವಾಗಿಯೇ ಹೇಳಿದಳು, ನಂಬಿದ್ದನ್ನೇ ಹೇಳಿದಳು. ತಂಗಿಗೂ ಹೇಳಲು ಮಾತಿತ್ತು. ಅದು ತುಳುವಿನಲ್ಲಿತ್ತು, ಕನ್ನಡದಲ್ಲಿತ್ತು. ಇಂಗ್ಲಿಷಿನಲ್ಲಿ ಹೊಂದಿಸಿ ಹೇಳುವಷ್ಟು ಹೊತ್ತು ಅವಳಿಗೆ ಸಿಗಲಿಲ್ಲ. ಸುತ್ತ ಹದಿಮೂರು ಜನ ಕಾಯುತ್ತಿದ್ದರು. "ಓಕೆ, ಓಕೆ" ಎಂದು ಬಿಟ್ಟುಕೊಟ್ಟಳು. ಡಿಸ್ಕ್ ಎದುರಿನ ತಂಡಕ್ಕೆ ಹೋಯಿತು.

ನಿಯಮದ ಪ್ರಕಾರ ಅವಳು ಬಿಟ್ಟುಕೊಡಬೇಕಾಗಿರಲಿಲ್ಲ. ಇಬ್ಬರೂ ತಮ್ಮ ಮಾತಿಗೇ ನಿಂತಿದ್ದರೆ ಡಿಸ್ಕ್ ಎಸೆದವರ ಕೈಗೆ ವಾಪಸ್ ಹೋಗುತ್ತಿತ್ತು, ಅಷ್ಟೆ. ಯಾರಿಗೂ ನಷ್ಟವಿಲ್ಲ. ಆ ದಿನ ಯಾರೂ ಮೋಸ ಮಾಡಲಿಲ್ಲ. ಆದರೂ ಒಬ್ಬಳ ಮಾತು ನಡೆಯಿತು, ಇನ್ನೊಬ್ಬಳದು ಬಾಯಲ್ಲೇ ಉಳಿಯಿತು. ಭಾರತದಲ್ಲಿ ಈ ಆಟ ಬೆಳೆಯುತ್ತಿರುವ ರೀತಿಯನ್ನು ನೋಡುವಾಗೆಲ್ಲ ನನಗೆ ಆ ಅರ್ಧ ನಿಮಿಷ ನೆನಪಾಗುತ್ತದೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಹುಲ್ಲಿನ ಮೈದಾನದಲ್ಲಾದರೆ ಒಂದೊಂದು ತಂಡದಲ್ಲಿ 7 ಜನ. ಮೈದಾನದ ಉದ್ದ 100 ಮೀಟರ್, ಅಗಲ 37 ಮೀಟರ್. ಎರಡು ತುದಿಯಲ್ಲೂ 18 ಮೀಟರಿನ ಪಟ್ಟಿ, ಅದಕ್ಕೆ ಎಂಡ್‌ಝೋನ್ ಅನ್ನುತ್ತಾರೆ. ಎದುರಾಳಿಯ ಎಂಡ್‌ಝೋನಿನಲ್ಲಿ ನಿಮ್ಮ ತಂಡದವರು ಡಿಸ್ಕ್ ಹಿಡಿದರೆ ಒಂದು ಅಂಕ. ಡಿಸ್ಕಿನ ತೂಕ 175 ಗ್ರಾಂ. ಕೈಯಲ್ಲಿ ಡಿಸ್ಕ್ ಇದ್ದವರು ಓಡುವ ಹಾಗಿಲ್ಲ. ಒಂದು ಕಾಲನ್ನು ನೆಲಕ್ಕೆ ಊರಿ ನಿಂತು ಎಸೆಯಬೇಕು. ಎದುರಿಗೆ ನಿಂತವರು ಗಟ್ಟಿಯಾಗಿ ಹತ್ತರವರೆಗೆ ಎಣಿಸುತ್ತಾರೆ. ಹತ್ತರೊಳಗೆ ಎಸೆಯದಿದ್ದರೆ ಡಿಸ್ಕ್ ಕೈ ಬದಲಾಗುತ್ತದೆ. ಕೆಳಗೆ ಬಿದ್ದರೂ ಅಷ್ಟೇ, ಎದುರಾಳಿ ನಡುವೆ ಹಿಡಿದರೂ ಅಷ್ಟೇ. ಮಿಕ್ಸೆಡ್ ವಿಭಾಗದಲ್ಲಿ ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿ ಆಡುತ್ತಾರೆ. ಏಳರಲ್ಲಿ 4 ಹುಡುಗರಾದರೆ 3 ಹುಡುಗಿಯರು, 4 ಹುಡುಗಿಯರಾದರೆ 3 ಹುಡುಗರು.

ಇದಕ್ಕೆಲ್ಲ ತೀರ್ಪುಗಾರರಿಲ್ಲ. ಸೀಟಿ ಇಲ್ಲ, ಹಳದಿ ಕಾರ್ಡ್ ಇಲ್ಲ. ವಿಶ್ವ ಚಾಂಪಿಯನ್‌ಷಿಪ್ಪಿನ ಫೈನಲ್‌ನಲ್ಲೂ ಇಲ್ಲ. ಫೌಲ್ ಆದದ್ದನ್ನು ಆಟಗಾರರೇ ಹೇಳಬೇಕು, ಎದುರಿನವರು ಒಪ್ಪಬೇಕು ಅಥವಾ ಒಪ್ಪುವುದಿಲ್ಲ ಅನ್ನಬೇಕು. ನಿಮ್ಮ ಮಾತನ್ನು ಸ್ಪಷ್ಟವಾಗಿ, ಚುಟುಕಾಗಿ ಹೇಳಿ, ಎದುರಿನವರಿಗೂ ಹೇಳಲು ಅವಕಾಶ ಕೊಡಿ ಎಂದು ನಿಯಮ ಪುಸ್ತಕದ ಮೊದಲ ಅಧ್ಯಾಯವೇ ಕೇಳುತ್ತದೆ. ಹೊಸಬರು ಗೊತ್ತಿಲ್ಲದೆ ತಪ್ಪಿದರೆ ಅವರಿಗೆ ವಿವರಿಸಿ ಹೇಳಬೇಕಾದದ್ದು ಅನುಭವ ಇದ್ದವರ ಜವಾಬ್ದಾರಿ. ಇದನ್ನೆಲ್ಲ ಸೇರಿಸಿ ಸ್ಪಿರಿಟ್ ಆಫ್ ದ ಗೇಮ್ ಎಂದು ಕರೆಯುತ್ತಾರೆ.

ಈ ಕ್ರಮ ಬಂದದ್ದು ಯಾವುದೋ ದೊಡ್ಡ ತತ್ವದಿಂದ ಅಲ್ಲ. 1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಮೇಪಲ್‌ವುಡ್ ಎಂಬ ಊರಿನ ಕೊಲಂಬಿಯಾ ಹೈಸ್ಕೂಲಿನ ಮಕ್ಕಳು ಈ ಆಟ ಶುರು ಮಾಡಿದರು. ಶಾಲೆಯ ಕಾರ್ ಪಾರ್ಕಿಂಗ್ ಜಾಗದಲ್ಲಿ ಆಡುತ್ತಿದ್ದವರಿಗೆ ರೆಫ್ರಿ ಎಲ್ಲಿಂದ ಬರಬೇಕು? ನಾವು ಲಗೋರಿ ಆಡುವಾಗ ಯಾರಾದರೂ ಇದ್ದರಾ? ಕುಟ್ಟಿದೊಣ್ಣೆಗೆ? ಅಳತೆಯಲ್ಲಿ ಜಗಳ ಬಂದರೆ ಇನ್ನೊಮ್ಮೆ ಅಳೆದೆವು. ಮುಗಿಯದಿದ್ದರೆ "ಆಯ್ತು, ವಾಪಸ್ ಆಡುವ" ಎಂದೆವು. ಆ "ವಾಪಸ್ ಆಡುವ" ಎಂಬ ಮಾತನ್ನು ಈ ಆಟ ನಿಯಮ ಪುಸ್ತಕಕ್ಕೇ ಸೇರಿಸಿಕೊಂಡಿದೆ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಅದೇ. ಎಲ್ಲ ಕಡೆ ಮಕ್ಕಳ ಆಟ ದೊಡ್ಡವರ ಕೈಗೆ ಬಂದ ಕೂಡಲೇ ಸೀಟಿ ಬರುತ್ತದೆ. ಇಲ್ಲಿ ಬರಲಿಲ್ಲ.

ಉಳಿದ ಇತಿಹಾಸ ಚುಟುಕಾಗಿ ಸಾಕು. 1985ರಲ್ಲಿ ವರ್ಲ್ಡ್ ಫ್ಲೈಯಿಂಗ್ ಡಿಸ್ಕ್ ಫೆಡರೇಶನ್ ಹುಟ್ಟಿತು. 2001ರಿಂದ ವರ್ಲ್ಡ್ ಗೇಮ್ಸ್‌ನಲ್ಲಿ ಅಲ್ಟಿಮೇಟ್‌ಗೆ ಪದಕವಿದೆ. 2015ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಆ ಫೆಡರೇಶನ್ನಿಗೆ ಪೂರ್ಣ ಮಾನ್ಯತೆ ಕೊಟ್ಟಿತು. ಒಲಿಂಪಿಕ್ಸ್‌ನಲ್ಲಿ ಇನ್ನೂ ಆಟ ಸೇರಿಲ್ಲ.

ಭಾರತದ ಕಥೆ ಬೇರೆ, ಅದರ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಇಲ್ಲಿ ಆಟ ಎರಡು ದಾರಿಯಲ್ಲಿ ಬಂತು. ಒಂದು ದಾರಿ ಕಾಲೇಜು ಮತ್ತು ಐಟಿ ಕಂಪೆನಿಗಳದ್ದು. ವಿದೇಶದಲ್ಲಿ ಓದಿ ಬಂದವರು, ವಿದೇಶದಿಂದ ಕೆಲಸಕ್ಕೆ ಬಂದವರು ಡಿಸ್ಕ್ ತಂದರು. ಚೆನ್ನೈಯ ಕಡಲ ಬದಿ, ಬೆಂಗಳೂರಿನ ಮೈದಾನಗಳು, ಅಹಮದಾಬಾದ್, ದಿಲ್ಲಿ, ಮುಂಬೈ ಹೀಗೆ ಊರೂರಲ್ಲಿ ವಾರದ ಕೊನೆಗೆ ಆಡುವ ಗುಂಪುಗಳು ಬೆಳೆದವು. ಆಟಗಾರರೇ ಸೇರಿ ಅಲ್ಟಿಮೇಟ್ ಪ್ಲೇಯರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಸಂಘಟನೆ ಕಟ್ಟಿಕೊಂಡರು. ಇನ್ನೊಂದು ದಾರಿ ಸೇವಾ ಸಂಸ್ಥೆಗಳದ್ದು. ಹುಡುಗ ಹುಡುಗಿಯರನ್ನು ಒಟ್ಟಿಗೆ ಆಡಿಸಬಹುದು, ಖರ್ಚು ಕಡಿಮೆ, ಜಗಳ ಆಗದ ಹಾಗೆ ಮಾತಾಡುವುದನ್ನು ಕಲಿಸುತ್ತದೆ ಎಂದು ಅವರು ಬಡವರ ಕೇರಿಗಳ, ಮೀನುಗಾರರ ಹಳ್ಳಿಗಳ ಮಕ್ಕಳಿಗೆ ಇದನ್ನು ಕಲಿಸಿದರು. ಆ ಮಕ್ಕಳು ಬೇಗ ಕಲಿತರು. ಮರಳಿನ ಮೇಲೆ ಹುಟ್ಟಿ ಬೆಳೆದವರಿಗೆ ಮರಳಿನ ಮೇಲೆ ಓಡುವುದು ಹೊಸತಲ್ಲವಲ್ಲ. ಅವರಲ್ಲಿ ಎಷ್ಟೋ ಮಂದಿ ಈಗ ಕೋಚ್ ಆಗಿದ್ದಾರೆ, ದೇಶದ ತಂಡಗಳಲ್ಲೂ ಆಡಿದ್ದಾರೆ. 2015ರಲ್ಲಿ ಲಂಡನ್ನಿನ 23 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್ಪಿಗೆ ಭಾರತದ ತಂಡ ಹೋಯಿತು.

ಈ ಎರಡು ದಾರಿಗಳು ಒಂದೇ ಮೈದಾನದಲ್ಲಿ ಸೇರಿದವು. ಕಂಪೆನಿಯ ಮ್ಯಾನೇಜರನೂ ಮೀನು ಮಾರುವವಳ ಮಗನೂ ಒಂದೇ ಸಾಲಿನಲ್ಲಿ ನಿಂತು ಆಡುವ ಆಟ ನಮ್ಮ ದೇಶದಲ್ಲಿ ಎಷ್ಟಿದೆ? ನಾನು ಇದನ್ನು ಚಿಕ್ಕ ಸಂಗತಿ ಅಂದುಕೊಂಡಿಲ್ಲ. ಕಾಲಿನ ಬಲದಲ್ಲಿ, ಎಸೆತದಲ್ಲಿ, ಓಟದಲ್ಲಿ ಅವರಿಬ್ಬರು ಸಮ. ಆದರೆ ಆಟ ನಿಂತು ಮಾತು ಶುರುವಾದಾಗ ಸಮ ಉಳಿಯುವುದಿಲ್ಲ. ನಿಯಮ ಪುಸ್ತಕ ಇಂಗ್ಲಿಷಿನಲ್ಲಿದೆ. ಫೌಲ್, ಟ್ರಾವೆಲ್ (ಡಿಸ್ಕ್ ಹಿಡಿದು ಊರಿದ ಕಾಲು ಸರಿಸಿದರೆ), ಪಿಕ್ (ಓಟದ ದಾರಿಗೆ ಮೂರನೆಯವರು ಅಡ್ಡ ಬಂದರೆ), ಕಾಂಟೆಸ್ಟ್ (ಒಪ್ಪುವುದಿಲ್ಲ ಎನ್ನಲು), ಎಲ್ಲ ಕರೆಗಳೂ ಇಂಗ್ಲಿಷಿನಲ್ಲೇ ಇವೆ. ಕರೆ ಒಂದೇ ಪದ, ಅದನ್ನು ಯಾರೂ ಕಲಿಯಬಹುದು. ಕಷ್ಟ ಬರುವುದು ಕರೆಯ ನಂತರದ ವಿವರಣೆಯಲ್ಲಿ. ಅಲ್ಲಿ ವಾಕ್ಯ ಬೇಕು, "ಒಂದು ವೇಳೆ", "ಆದರೆ", "ಅದಕ್ಕಿಂತ ಮೊದಲು" ಬೇಕು.

ರೆಫ್ರಿ ಇರುವ ಆಟದಲ್ಲಿ ಭಾಷೆ ಬಾರದಿದ್ದರೂ ನಡೆಯುತ್ತದೆ. ಕಬಡ್ಡಿಯಲ್ಲಿ ರೈಡರ್ ಔಟೋ ಅಲ್ಲವೋ ಎಂದು ಅಂಪಾಯರ್ ಕೈ ಎತ್ತಿ ತೋರಿಸುತ್ತಾರೆ. ಮುಗಿಯಿತು. ತೀರ್ಪುಗಾರರಿಲ್ಲದ ಆಟ ಹೆಚ್ಚು ನ್ಯಾಯದ ಆಟ ಎಂದು ನಾವು ಹೇಳುತ್ತೇವೆ, ನಾನೂ ಹೇಳುತ್ತೇನೆ. ಆದರೆ ಎಲ್ಲರಿಗೂ ಮಾತಾಡಲು ಸಮಾನ ಅವಕಾಶ ಇದ್ದರೆ ಮಾತ್ರ ಅದು ನಿಜ. ಇಲ್ಲದಿದ್ದರೆ ತೀರ್ಪು ಕೊಡುವ ಕೆಲಸ ಸದ್ದಿಲ್ಲದೆ ಇಂಗ್ಲಿಷ್ ಬಲ್ಲವರ ಪಾಲಿಗೆ ಹೋಗುತ್ತದೆ.

ಕಾಸರಗೋಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿನ ಕನ್ನಡಿಗರಿಗೆ ಬಾರದ ಭಾಷೆಯ ಅರ್ಜಿ ಫಾರ್ಮ್, ಓದಲಾಗದ ನೋಟಿಸ್, ಅರ್ಥವಾಗದ ಆದೇಶ ಅಭ್ಯಾಸವಾಗಿದೆ. ಎದುರಿಗೆ ಕೂತ ಅಧಿಕಾರಿ ಒಳ್ಳೆಯವರೇ ಇರಬಹುದು. ಆದರೂ ಕೌಂಟರಿನ ಈ ಕಡೆ ನಿಂತವರು ಹೇಳಬೇಕಾದ ಅರ್ಧ ಮಾತನ್ನು ನುಂಗಿ ಬರುತ್ತಾರೆ. 2017ರಲ್ಲಿ ಎಲ್ಲ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ಇಲ್ಲಿನ ಕನ್ನಡಿಗರು ಬೀದಿಗಿಳಿದದ್ದು ಮಲಯಾಳದ ಮೇಲಿನ ಸಿಟ್ಟಿನಿಂದಲ್ಲ. ಮಾರ್ಕೆಟಿನಲ್ಲಿ, ಬಸ್ಸಿನಲ್ಲಿ ನಾವೆಲ್ಲ ಮಲಯಾಳ ಮಾತಾಡುತ್ತೇವೆ. ನಮ್ಮ ಮಾತಿನಲ್ಲಿ ನಮ್ಮ ವಿಷಯ ಹೇಳುವ ಜಾಗ ಹೋಗುತ್ತದಲ್ಲ ಎಂಬ ಹೆದರಿಕೆ ಅದು. ತಂಗಿಯ "ಓಕೆ, ಓಕೆ" ನನಗೆ ಅಷ್ಟು ಚುಚ್ಚಿದ್ದು ಇದೇ ಕಾರಣಕ್ಕೆ. ಆ ಸ್ವರವನ್ನು ನಾನು ಊರಿನ ಕಚೇರಿಗಳಲ್ಲಿ ಎಷ್ಟೋ ಸಲ ಕೇಳಿದ್ದೆ.

ಹಾಗೆಂದು ನಮ್ಮದು ಮಾತು ಬಾರದ ಊರಲ್ಲ. ತಾಳಮದ್ದಳೆ ಕೇಳಿ ಬೆಳೆದ ನೆಲ ಇದು. ಯಕ್ಷಗಾನದ ಕವಿ ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತು ರಾತ್ರಿಯಿಡೀ ವಾದ ಮಾಡುತ್ತಾರೆ. ಎದುರಿನವರ ಮಾತನ್ನು ಪೂರ್ತಿ ಕೇಳಬೇಕು, ಆ ಮಾತಿನ ತುದಿ ಹಿಡಿದೇ ಉತ್ತರ ಕೊಡಬೇಕು. ಗೆದ್ದವರು ಯಾರು ಎಂದು ಹೇಳಲು ಅಲ್ಲೂ ಯಾರೂ ಇಲ್ಲ. ವಾದ ಎಳೆದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಪ್ರಸಂಗ ಮುಂದೆ ಹೋಗುತ್ತದೆ. ಹೀಗೆ ವಾದ ಮಾಡಲು ಬಲ್ಲ ಊರಿನ ಹುಡುಗಿಯೊಬ್ಬಳು ಮೈದಾನದಲ್ಲಿ ಬಾಯಿ ಕಟ್ಟಿ ನಿಂತಳು ಅಂದರೆ ಕೊರತೆ ಅವಳದ್ದಲ್ಲ.

ಈಗ ಆಟ ದೊಡ್ಡದಾಗುತ್ತಿದೆ. ದೇಶದ ತಂಡಕ್ಕೆ ಆಯ್ಕೆ, ವಿದೇಶ ಪ್ರಯಾಣ, ಕೋಚಿಂಗ್ ಕೆಲಸ, ಎಲ್ಲ ಇದರ ಹಿಂದೆ ಬರುತ್ತಿವೆ. ಗೆಲುವಿನ ಬೆಲೆ ಏರಿದ ಹಾಗೆ ಒಂದು ಫೌಲಿನ ಬೆಲೆಯೂ ಏರುತ್ತದೆ. ಆಗ ಸಹಜವಾಗಿಯೇ ಒಂದು ಪ್ರಶ್ನೆ ಬರುತ್ತದೆ. ಇನ್ನಾದರೂ ರೆಫ್ರಿ ಬೇಕಲ್ವಾ?

ಅಮೆರಿಕದಲ್ಲಿ ಇದಕ್ಕೆ ಉತ್ತರ ಕೊಟ್ಟಾಗಿದೆ. ಅಲ್ಲಿ 2012ರಲ್ಲಿ ಶುರುವಾದ ವೃತ್ತಿಪರ ಲೀಗ್‌ನಲ್ಲಿ ರೆಫ್ರಿಗಳಿದ್ದಾರೆ. 2024ರಿಂದ ಅದರ ಹೆಸರು ಅಲ್ಟಿಮೇಟ್ ಫ್ರಿಸ್ಬಿ ಅಸೋಸಿಯೇಷನ್. ಅಲ್ಲಿನ ದೊಡ್ಡ ಹವ್ಯಾಸಿ ಪಂದ್ಯಾಟಗಳಲ್ಲಿ ಅಬ್ಸರ್ವರ್‌ಗಳಿರುತ್ತಾರೆ. ಆಟಗಾರರು ಮಾತಾಡಿ ಮುಗಿಸಲು ಆಗದಿದ್ದಾಗ ಅವರು ತೀರ್ಪು ಕೊಡುತ್ತಾರೆ. ವಿಶ್ವ ಫೆಡರೇಶನ್ ಮಾತ್ರ ಬೇರೆ ದಾರಿ ಹಿಡಿದಿದೆ. ಅದರ ದೊಡ್ಡ ಪಂದ್ಯಗಳಲ್ಲಿ ಗೇಮ್ ಅಡ್ವೈಸರ್‌ಗಳು ನಿಂತಿರುತ್ತಾರೆ. ಅವರು ತೀರ್ಪು ಕೊಡುವುದಿಲ್ಲ. ನಿಯಮ ಏನು ಹೇಳುತ್ತದೆ ಎಂದು ತಿಳಿಸುತ್ತಾರೆ, ಕೇಳಿದರೆ ತಾವು ಕಂಡದ್ದನ್ನು ಹೇಳುತ್ತಾರೆ, ಹೊತ್ತು ನೋಡುತ್ತಾರೆ. ತೀರ್ಮಾನ ಆಟಗಾರರದ್ದೇ. ನನಗಂತೂ ಇದನ್ನು ಓದಿದ ಕೂಡಲೇ ಭಾಗವತರು ನೆನಪಾದರು.

ನನಗೆ ನಮ್ಮಲ್ಲಿ ರೆಫ್ರಿ ಬೇಡ ಅನಿಸುತ್ತದೆ. ಕಾರಣ ಸರಳ. ರೆಫ್ರಿ ಬಂದರೆ ತಂಗಿಗೆ ಆ ಒಂದು ಅಂಕ ಸಿಗಬಹುದಿತ್ತು. ಆದರೆ ಅವಳು ಮಾತಾಡುವುದನ್ನು ಕಲಿಯುತ್ತಿರಲಿಲ್ಲ, ಎದುರಿನವಳು ಕೇಳುವುದನ್ನು ಕಲಿಯುತ್ತಿರಲಿಲ್ಲ. ನಮ್ಮ ಕಡೆಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ತುಂಬಾ ಪ್ರೀತಿಯಿಂದ ನೋಡಿದ್ದೇನೆ. ಕಬಡ್ಡಿ ನಮ್ಮ ರಕ್ತದಲ್ಲಿದೆ. ದೇಶಕ್ಕೆ ಆಡಿದ ಜಗದೀಶ್ ಕುಂಬಳೆಯವರಂಥ ಆಟಗಾರರನ್ನು ಈ ಜಿಲ್ಲೆ ಕೊಟ್ಟಿದೆ. ಆದರೆ ಆ ಅಂಗಣದಲ್ಲಿ ಹುಡುಗಿಯರು ಹೆಚ್ಚಾಗಿ ಗ್ಯಾಲರಿಯಲ್ಲೇ ಇರುತ್ತಾರೆ. ತೀರ್ಪು ಹಿಡಿಸದಿದ್ದರೆ ಎರಡೂ ಕಡೆಯವರ ಸಿಟ್ಟು ಅಂಪಾಯರ್ ಮೇಲೆ ಹೋಗುತ್ತದೆ. ಆಟಗಾರರು ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವ ಅಗತ್ಯವೇ ಬರುವುದಿಲ್ಲ.

ಬೇಕಾದದ್ದು ಭಾಷೆಯ ಕೆಲಸ. ಅರ್ಧ ಕೆಲಸವನ್ನು ಫೆಡರೇಶನ್ ಆಗಲೇ ಮಾಡಿಟ್ಟಿದೆ. ಕರೆಗಳಿಗೆಲ್ಲ ಕೈ ಸನ್ನೆಗಳಿವೆ. ಎರಡೂ ಕೈ ಮೇಲೆತ್ತಿದರೆ ಗೋಲು. ಎದೆಯ ಮುಂದೆ ಮುಷ್ಟಿಗಳನ್ನು ಒಂದರ ಸುತ್ತ ಒಂದು ತಿರುಗಿಸಿದರೆ ಟ್ರಾವೆಲ್. ಎರಡು ಮುಷ್ಟಿ ಒಂದಕ್ಕೊಂದು ತಾಗಿಸಿದರೆ "ಒಪ್ಪುವುದಿಲ್ಲ". ಭಾಷೆ ಬಾರದ ಎರಡು ದೇಶದವರು ಆಡುವಾಗ ಇದೇ ಆಧಾರ. ನಮ್ಮಲ್ಲಿ ಹೊಸಬರಿಗೆ ಎಸೆತ ಕಲಿಸುತ್ತಾರೆ, ಓಟ ಕಲಿಸುತ್ತಾರೆ. ಸನ್ನೆ ಕಲಿಸುವುದು ಕಡಿಮೆ. ಬ್ಯಾಕ್‌ಹ್ಯಾಂಡ್ ಎಸೆತ ಕಲಿಸುವ ದಿನವೇ ಆ ಮುಷ್ಟಿಯ ಸನ್ನೆಯನ್ನೂ ಕಲಿಸಬೇಕು ಎಂಬುದು ನನ್ನ ಮಾತು. ಆ ಒಂದು ಸನ್ನೆ ಗೊತ್ತಿದ್ದರೆ ತಂಗಿ ವಿವರಣೆ ಕೊಡಲಾಗದಿದ್ದರೂ ತನ್ನ ಮಾತಿಗೆ ನಿಲ್ಲಬಹುದಿತ್ತು.

ಇನ್ನೊಂದು ಜಾಗ ಸ್ಪಿರಿಟ್ ಸ್ಕೋರ್. ಪಂದ್ಯ ಮುಗಿದ ಮೇಲೆ ಪ್ರತಿ ತಂಡ ಎದುರಿನ ತಂಡಕ್ಕೆ ಅಂಕ ಕೊಡುತ್ತದೆ. ನಿಯಮದ ತಿಳಿವಳಿಕೆ, ಮೈಗೆ ತಾಗುವ ಆಟ, ನ್ಯಾಯಬುದ್ಧಿ, ಒಳ್ಳೆಯ ಮನೋಭಾವ, ಮಾತುಕತೆ ಹೀಗೆ ಐದು ವಿಷಯ. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ. ಎರಡು ಅಂದರೆ ಚೆನ್ನಾಗಿದೆ ಎಂದರ್ಥ. ಈ ಐದನೆಯ ಮಾತುಕತೆಯ ಅಂಕ ನನ್ನನ್ನು ಕಾಡುತ್ತದೆ. ಕರಾವಳಿಯವರ ಸ್ವರವೇ ಜೋರು. ಗಾಳಿಗೂ ಕಡಲಿಗೂ ಕೇಳುವ ಹಾಗೆ ಮಾತಾಡಿ ಅಭ್ಯಾಸ. ಇಬ್ಬರು ತುಳುವರು ಮೀನಿನ ರೇಟು ಮಾತಾಡಿದರೆ ಹೊರಗಿನವರಿಗೆ ಜಗಳ ಅಂತ ಕೇಳಿಸುತ್ತದೆ. ಅದೇ ಸ್ವರದಲ್ಲಿ "ಎಂಕ್ ತಾಗ್‌ಂಡ್" (ನನಗೆ ತಾಗಿತು) ಎಂದು ಹೇಳಿದರೆ ಎದುರಿನ ತಂಡ ಸಿಟ್ಟು ಎಂದು ಬರೆದುಕೊಳ್ಳಬಹುದು. ತಗ್ಗಿದ ಸ್ವರದ ಇಂಗ್ಲಿಷ್ ಮಾತ್ರ ಸಭ್ಯ ಮಾತಾಗಿ ಕಾಣುವ ಅಪಾಯ ಇದೆ. ಪಂದ್ಯದ ನಂತರ ಎರಡೂ ತಂಡ ಸೇರಿ ಹೆಗಲಿಗೆ ಕೈ ಹಾಕಿ ಒಂದು ಸುತ್ತು ನಿಲ್ಲುತ್ತಾರೆ, ಸ್ಪಿರಿಟ್ ಸರ್ಕಲ್ ಅನ್ನುತ್ತಾರೆ. ಅಲ್ಲಿ ಮೊದಲ ಮಾತು ಇಂಗ್ಲಿಷ್ ಗೊತ್ತಿಲ್ಲದವರದ್ದಾಗಲಿ, ಪಕ್ಕದಲ್ಲಿದ್ದವರು ಅದನ್ನು ಉಳಿದವರಿಗೆ ಹೇಳಲಿ. ಖರ್ಚಿಲ್ಲದ ಕೆಲಸ. ಒಂದು ಸಲ ಬೆಂಗಳೂರಿನಲ್ಲೇ ಹಾಗೆ ಮಾಡಿ ನೋಡಿದೆವು. ಸುತ್ತಿನಲ್ಲಿ ಯಾವಾಗಲೂ ಸುಮ್ನೆ ನಿಲ್ಲುತ್ತಿದ್ದ ಹುಡುಗನೊಬ್ಬ ಐದು ನಿಮಿಷ ಮಾತಾಡಿದ.

ಕಾಸರಗೋಡಿಗೆ ಈ ಆಟ ಬರುತ್ತದಾ ಎಂದು ಗೆಳೆಯರು ಕೇಳುತ್ತಾರೆ. ಜಾಗದ ಲೆಕ್ಕದಲ್ಲಿ ನಮ್ಮದು ಮಿಶ್ರ ಪರಿಸ್ಥಿತಿ. ಒಳನಾಡಿನ ಮೈದಾನಗಳು ಮುರಕಲ್ಲಿನವು. ಅದರ ಮೇಲೆ ಡೈವ್ ಹೊಡೆದರೆ ಮೊಣಕೈ ಚರ್ಮ ಅಲ್ಲೇ ಉಳಿಯುತ್ತದೆ. ಕೊಯ್ಲಾದ ಗದ್ದೆ ಚೆನ್ನಾಗಿದೆ, ಆದರೆ ಗದ್ದೆಗಳೇ ಕಡಿಮೆಯಾಗಿ ತೋಟವಾಗಿವೆ. ಗಂಟೆಗಿಷ್ಟು ಎಂದು ಬಾಡಿಗೆಗೆ ಸಿಗುವ ಟರ್ಫ್‌ಗಳು ಎಲ್ಲ ಕಡೆ ಎದ್ದಿವೆ, ಆದರೆ ಅವು ಫುಟ್‌ಬಾಲಿನ ಅಳತೆಯ ಚಿಕ್ಕ ಅಂಗಣಗಳು. ಉಳಿಯುವುದು ಕಡಲ ಬದಿ. ಬೀಚ್ ಅಲ್ಟಿಮೇಟ್‌ಗೆ ತಂಡಕ್ಕೆ 5 ಜನ ಸಾಕು, 75 ಮೀಟರ್ ಉದ್ದ 25 ಮೀಟರ್ ಅಗಲ ಸಾಕು. ಮಂಜೇಶ್ವರದ ಕಣ್ವತೀರ್ಥದಿಂದ ಬೇಕಲದವರೆಗೆ ಮರಳಿಗೆ ಬರವಿಲ್ಲ. ಆದರೆ ಕಡಲ್ಕೊರೆತವಾದ ಕಡೆ ತಡೆಗೋಡೆಯ ಕಲ್ಲುಗಳು ಬಂದು ಮರಳಿನ ಪಟ್ಟಿ ಸಪೂರವಾಗುತ್ತಿದೆ. ಸಂಜೆಯ ಪಡುಗಾಳಿಯೂ ಒಂದು ಪಾಠ. ಎದುರುಗಾಳಿಗೆ ಎಸೆದರೆ ಡಿಸ್ಕ್ ಮೇಲೇಳುತ್ತದೆ, ಬೆನ್ನಿನ ಗಾಳಿಗೆ ಎಸೆದರೆ ಬೇಗ ಕೆಳಗಿಳಿಯುತ್ತದೆ.

ತಂದೆ ತಾಯಿಯರ ಪ್ರಶ್ನೆ ಬೇರೆ. ಗ್ರೇಸ್ ಮಾರ್ಕ್ ಸಿಗುತ್ತದಾ? ಸ್ಪೋರ್ಟ್ಸ್ ಕೋಟಾ ಉಂಟಾ? ನ್ಯಾಯವಾದ ಪ್ರಶ್ನೆ. ಮಗಳನ್ನು ಸಂಜೆ ಕಡಲ ಬದಿಗೆ ಕಳಿಸಬೇಕಾದರೆ ಅವರಿಗೆ ಏನಾದರೂ ಭರವಸೆ ಬೇಕು. ಆ ಭರವಸೆ ಸರಕಾರದ ಪಟ್ಟಿಯಿಂದ ಬರಬೇಕಾದದ್ದು, ಅದಕ್ಕಾಗಿ ದೇಶದ ಮಟ್ಟದಲ್ಲೇ ಕೆಲಸ ಆಗಬೇಕು.

ಈಗೀಗ ನಾನು ರಜೆಯಲ್ಲಿ ಊರಿಗೆ ಹೋದಾಗೆಲ್ಲ ಎರಡು ಡಿಸ್ಕ್ ಒಯ್ಯುತ್ತೇನೆ. ನೆರೆಕರೆಯ ಮಕ್ಕಳು ಸೇರುತ್ತಾರೆ. ಮೊದಲ ದಿನ ಡಿಸ್ಕ್ ಒಂದೇ ಇತ್ತು. ಒಬ್ಬ ಹುಡುಗ ಮನೆಯಿಂದ ಅಡಿಕೆ ಹಾಳೆಯ ತಟ್ಟೆ ತಂದು ಎಸೆದು ನೋಡಿದ. ನಾಲ್ಕು ಮಾರು ಹೋಗಿ ಮಗುಚಿತು. ಯಾಕೆ ಎಂದು ಮಕ್ಕಳೇ ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರು. ಡಿಸ್ಕಿನ ತೂಕವೆಲ್ಲ ಅಂಚಿನಲ್ಲಿದೆ, ಅದಕ್ಕೇ ಅದು ತಿರುಗುತ್ತಾ ನೆಟ್ಟಗೆ ಹೋಗುತ್ತದೆ ಎಂದು ಕಂಡುಕೊಂಡರು.

ಆ ಗುಂಪಿನಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಇದೆ. ಸಪ್ತಭಾಷೆಯ ನಾಡು ಎಂದು ಭಾಷಣದಲ್ಲಿ ಹೇಳುತ್ತೇವಲ್ಲ, ಇಲ್ಲಿ ಅದು ಫೌಲಿನ ಜಗಳದಲ್ಲಿ ಕೇಳಿಸುತ್ತದೆ. ಒಬ್ಬ ಮಲಯಾಳದಲ್ಲಿ "ತೊಟ್ಟು" (ತಾಗಿತು) ಅನ್ನುತ್ತಾನೆ, ಇನ್ನೊಬ್ಬಳು ತುಳುವಿನಲ್ಲಿ "ಇಜ್ಜಿ, ತಾಗ್‌ದಿಜ್ಜಿ" (ಇಲ್ಲ, ತಾಗಿಲ್ಲ) ಅನ್ನುತ್ತಾಳೆ. ಇಬ್ಬರಿಗೂ ಅರ್ಥವಾಗುತ್ತದೆ. ಎಣಿಕೆಯೂ ಹಾಗೆಯೇ. ಒಂಜಿ, ರಡ್ಡ್, ಮೂಜಿ ಎಂದು ಶುರುವಾಗಿ ಪತ್ತ್‌ಗೆ ನಿಲ್ಲುತ್ತದೆ. ಮಲಯಾಳದವರು ಎದುರು ನಿಂತರೆ ಒನ್ನ್, ರಂಡ್, ಮೂನ್ನ್. ಯಾರೂ ಯಾರನ್ನೂ ಭಾಷೆ ಬದಲಿಸು ಎಂದು ಕೇಳಿಲ್ಲ. ನಗರದ ಮೈದಾನಗಳಲ್ಲಿ ಆಗದ್ದು ಇಲ್ಲಿ ಮೂರು ಸಂಜೆಯಲ್ಲಿ ತಾನಾಗಿ ಆಯಿತು. ಬೇರೆ ಭಾಷೆಯವರ ಮಾತಿಗೆ ಕಿವಿ ಕೊಡುವುದು ಈ ಮಕ್ಕಳಿಗೆ ಅಂಗಡಿಗೆ ಹೋಗಿ ಬರುವಷ್ಟೇ ಸಹಜ. ದೇಶದ ಸಂಘಟನೆಯವರು ಸ್ಪಿರಿಟ್ ಕಲಿಸುವ ಶಿಬಿರ ಎಲ್ಲಿ ಮಾಡಬೇಕು ಎಂದು ಕೇಳಿದರೆ ನಾನು ಗಡಿನಾಡಿನ ಹೆಸರು ಹೇಳುತ್ತೇನೆ.

ಈಗ ನಾನೂ ತಂಗಿಯೂ ಸೇರಿ ಮುಖ್ಯ ನಿಯಮಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಫೌಲ್ ಹಾಗೆಯೇ ಇರಲಿ, ಅದು ನಮ್ಮ ಪದವೇ ಆಗಿದೆ. ಕಾಂಟೆಸ್ಟ್ ಎಂಬುದಕ್ಕೆ ಅವಳು "ಒಪ್ಪಲ್ಲ" ಎಂದು ಬರೆದಿದ್ದಾಳೆ. ನಾನು "ಒಪ್ಪುವುದಿಲ್ಲ" ಎಂದು ತಿದ್ದಲು ಹೋದೆ. ಬೇಡ ಅಣ್ಣ, ಓಡಿ ಏದುಸಿರು ಬಿಡುವಾಗ ಅಷ್ಟು ಉದ್ದ ಹೇಳಲು ಆಗುವುದಿಲ್ಲ ಎಂದಳು. ಹಾಗೇ ಬಿಟ್ಟೆವು. ಪಿಕ್ ಎಂಬ ಪದ ಮಾತ್ರ ಇನ್ನೂ ಕೂತಿಲ್ಲ. ನೀವು ಕಾಯುತ್ತಿರುವ ಆಟಗಾರನ ಹಿಂದೆ ಓಡುವಾಗ ಮೂರನೆಯವರು ದಾರಿಗೆ ಸಿಕ್ಕಿದರೆ ಹೇಳುವ ಕರೆ ಅದು. ಮಕ್ಕಳು "ಅಡ್ಡ" ಎಂದು ಕೂಗುತ್ತಾರೆ. ತಂಗಿ ಅದರ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದಾಳೆ. ಮುಂದಿನ ರಜೆಯಲ್ಲಿ, ಕಡಲು ಇಳಿದ ಹೊತ್ತಿಗೆ, ಆಡಿ ನೋಡಬೇಕು.